ಗ್ರಾಹಕ

ನಾಪೋಕ್ಲು ಕಾಲೇಜಿನ ಹಂಚಿನ ಕೋಣೆಯಲ್ಲಿ
ಬೋರ್ಡಿನ ಮೇಲೊಂದು ಜೀವಕೋಶ ಬರೆದು
ಅಂಚಿಗೊಂದು ಕವೆಗೋಲು ನೆಟ್ಟು
'ಗ್ರಾಹಕ' ಎಂದೆ.
ಸಫ್ವಾನ್ ನಕ್ಕ: 'ಗ್ರಾಹಕ ಅಂದ್ರೆ ಅಂಗಡಿಗೆ ಬರೋರಲ್ವಾ ಮೇಡಂ?'
ಹೌದಪ್ಪ, ಇಲ್ಲಿ ಮಾತ್ರ ತಿರುವುಮುರುವು.
ಬರುವುದು ಇನ್ಸುಲಿನ್. ಕಾದು ನಿಂತದ್ದು ಗ್ರಾಹಕ.
ಕೊಡುವುದಿಲ್ಲ, ಕೊಳ್ಳುವುದಿಲ್ಲ, ಚೌಕಾಸಿಯಿಲ್ಲ,
ಬಂದದ್ದು ಹೊಸ್ತಿಲೂ ದಾಟುವುದಿಲ್ಲ.

ಬೀಗ, ಬೀಗದ ಕೈ ಎನ್ನುತ್ತದೆ ಪುಸ್ತಕ.
ನನಗೆ ಹಾಗನ್ನಿಸಿಲ್ಲ. ಬೀಗಕ್ಕೆ ಮೈ ಜುಮ್ಮೆನ್ನುವುದಿಲ್ಲ.
ಇಲ್ಲಿ ತಾಗಿದ್ದೇ ತಡ ಗ್ರಾಹಕ ಮಗ್ಗುಲು ಬದಲಿಸಿ
ಒಳಗಡೆ ಅದರ ಎರಡು ಕಾಲುಗಳು ಹತ್ತಿರವಾಗಿ
ಒಂದನ್ನೊಂದು ಚಿವುಟಿ,
ಅಲ್ಲಿಂದ ಸುದ್ದಿ ಭುಜದಿಂದ ಭುಜಕ್ಕೆ,
ಒಬ್ಬ ಹತ್ತು ಜನರನ್ನೆಬ್ಬಿಸಿ,
ಎಲ್ಲೋ ಮಡಚಿಟ್ಟಿದ್ದ ಸಕ್ಕರೆಯ ಬಾಗಿಲುಗಳು
ತೇಲಿ ಬಂದು ಗೋಡೆಗೆ

ಎನ್ನುವಷ್ಟರಲ್ಲಿ
ಕಕ್ಕಬ್ಬೆ ಕಡೆಯ ಗುಡ್ಡದಿಂದ
ಢಂ.
ಉಸಿರೆಳೆಯುವಷ್ಟು ಬಿಡುವು.
ಢಂ.

ಎರಡು.

ನಾಚಪ್ಪ ಪೆನ್ನಿಗೆ ಮುಚ್ಚಳ ಹಾಕಿದ, ಬ್ಯಾಗು ಹೆಗಲಿಗೇರಿಸಿದ,
ಕೇಳಲಿಲ್ಲ; ನಾನೂ ತಡೆಯಲಿಲ್ಲ.
ಅವನ ದೊಡ್ಡಜ್ಜಿ ಹಾಸಿಗೆ ಹಿಡಿದು ಹದಿನೇಳು ದಿನ.
ಮೇಜಿನಡಿಯಿಂದ ಸಫ್ವಾನನ ಫೋನು: 'ಉಪ್ಪಾ, ಶಟರ್ ಅರ್ಧ ಇಳಿಸಿ.'
ಲೈನ್‌ಮನೆಯ ಪಾಲಿ ಪಕ್ಕದವಳ ಕಿವಿಯಲ್ಲಿ:
'ಅಪ್ಪನಿಗೆ ಇವತ್ತು ಗುಂಡಿ ತೋಡೋ ಕೆಲಸ.'
ಪಿರಿಯಾಪಟ್ಟಣದಿಂದ ಮೊನ್ನೆ ಬಂದು ಸೇರಿದ ಹುಡುಗ ಮಾತ್ರ
ನಾಲ್ಕೂ ಕಡೆ ನೋಡಿ, 'ಆನೆಗೆ ಪಟಾಕಿನಾ?'

ಸದ್ದು ಅದೇ.
ಕೋಣೆಯೊಳಗೆ ಯಾರೂ ಕಾಲಿಡಲಿಲ್ಲ.

ಒಂಬತ್ತು ವರ್ಷದ ಹಿಂದೆ ಚಳ್ಳಕೆರೆಯಿಂದ ಬಂದವಳು ನಾನು
ಮೊದಲ ಸಲ ಇದನ್ನು ಕೇಳಿ, ಹಂದಿ ಬಿದ್ದಿರಬೇಕು ಅಂದುಕೊಂಡು
ಅನ್ನಕ್ಕೆ ಸಾರು ಬಡಿಸಿಕೊಂಡಿದ್ದೆ.
ಇವತ್ತು ಚಾಕು ಬೋರ್ಡಿನ ಮೇಲೇ ನಿಂತುಬಿಟ್ಟಿತು.
ಚಾಕಲ್ಲ, ಸೀಮೆಸುಣ್ಣ. ಕೈ ನಡುಗಿದಾಗ ಮಾತೂ ತಪ್ಪುತ್ತದೆ.
ಈ ಕಿವಿಯಲ್ಲಿ ಯಾವ ಮಳೆಗಾಲದಲ್ಲಿ ಮೊಳೆಯಿತೋ
ಈ ಊರಿನದೊಂದು ಕವೆಗೋಲು.

ನನ್ನ ಬ್ಯಾಗಿನಲ್ಲೂ ಒಂದು ಪೆನ್ನಿದೆ, ಬರೆಯುವುದಲ್ಲ.
ಊಟಕ್ಕೆ ಮುಂಚೆ ಹದಿನಾಲ್ಕು ಯೂನಿಟ್.
ಕೂಗಿ ಕರೆದೂ ಕರೆದೂ ನನ್ನವು ಒಳಸರಿದಿವೆ,
ಸಿದ್ದಾಪುರದ ಆನೆಗಳು ದಿನವೂ ಪಟಾಕಿ ಕೇಳಿ
ಈಗ ಸುಮ್ಮನೆ ಕಿವಿ ಬೀಸುತ್ತ ಹಲಸು ಕೀಳುವಂತೆ.
ಪಾಠದಲ್ಲಿ ಮುಂದಿನ ಭಾಗ ಇದೇ. ನಾಳೆಗಿರಲಿ ಎಂದು ಬಿಟ್ಟೆ.

ಹೊರಗೆ ಜೀಪೊಂದು ನರಳುತ್ತ ಏರು ಹತ್ತಿತು.
ಇನ್ನೊಂದು. ಯಾರೋ ಕಣದ ಕಾಫಿಗೆ ಟಾರ್ಪಾಲು ಎಳೆದು
ಅಂಗಿ ತೊಡುತ್ತಲೇ ಓಡಿದರು.
ಗುಂಡಿನ ಸದ್ದು ಅಡಗಿ ಆಗಲೇ ಎಷ್ಟು ಹೊತ್ತು.

ಹಾಜರಿ ಪುಸ್ತಕ ತೆರೆದೆ.
ಇಪ್ಪತ್ತಮೂರನೇ ನಂಬರು, ನಾಚಪ್ಪ.
ಖಾಲಿ ಬೆಂಚಿನ ಕಡೆ ಒಮ್ಮೆ ನೋಡಿ
ಹಾಜರು ಎಂದು ಬರೆದೆ.