ಕರ್ಣ ಬೀಳುವವರೆಗೆ

ಶಿರ್ವದ ಸೊಸೈಟಿ ಕಟ್ಟಡದ ಮಾಳಿಗೆಯಲ್ಲಿ
ತಾಳಮದ್ದಳೆ. ಬಾಡಿಗೆಯ ಕುರ್ಚಿ ನಲವತ್ತು,
ಕೂತವರು ಇಪ್ಪತ್ತಾರು, ಬೀಡಿಸೂಪಿನ ಸಮೇತ ಬಂದ
ಗುಲಾಬಿಯಕ್ಕನನ್ನೂ ಸೇರಿಸಿ.

ಕಿರೀಟವಿಲ್ಲ, ಬಣ್ಣವಿಲ್ಲ. ಕರ್ಣ ಅಂದರೆ
ಕಂಡಕ್ಟರ್ ದೇಜಪ್ಪ. ಕಿವಿಗೆ ಸಿಕ್ಕಿಸಿದ ಪೆನ್ನು
ತೆಗೆಯಲು ಮರೆತು ಶಾಲು ಹೊದ್ದಿದ್ದಾನೆ.
ಎದುರಿಗೆ ಕೃಷ್ಣ, ಎಲ್ಲೈಸಿಯ ಪೆಜತ್ತಾಯರು,
ಸಾವಿನ ವಿಷಯದಲ್ಲಿ ಅನುಭವಸ್ಥರು.

ಒಂಬತ್ತು ನಲವತ್ತಕ್ಕೆ ಕೊನೆಯ ಬಸ್ಸು.
ಒಂಬತ್ತೂವರೆಗೆ ಕೃಷ್ಣ ಕೇಳಿದ:
'ದ್ರೌಪದಿಯ ಸೀರೆ ಸೆಳೆದ ದಿನ
ನಿನ್ನ ಧರ್ಮ ಎಲ್ಲಿತ್ತು ರಾಧೇಯಾ?'

ದೇಜಪ್ಪ ಸುಮ್ಮನಾದ.
ಕಟಪಾಡಿ ಕಟಪಾಡಿ ಎಂದು
ದಿನಕ್ಕೆ ಎಂಟು ಟ್ರಿಪ್ಪು ಕೂಗಿ ತೂತಾದ ಗಂಟಲು,
ಅಲ್ಲಿಂದ ನಿಧಾನ ಹೊರಟಿತು:

'ಆ ದಿನ ನಾನು ನಕ್ಕೆ, ಕೃಷ್ಣಾ.
ನನ್ನನ್ನು ಒಳಗೆ ಕರೆದು ಕೂರಿಸಿದವರು ನಗುತ್ತಿದ್ದರು.
ನಗದಿದ್ದರೆ ಎಬ್ಬಿಸಿ ಕಳಿಸಿಯಾರೆಂದು
ಹೆದರಿ ನಕ್ಕೆ.'

ಭಾಗವತರ ಜಾಗಟೆ ಕೈಯಲ್ಲೇ ಉಳಿಯಿತು.
ಗುಲಾಬಿಯಕ್ಕನ ನೂಲು ಅರ್ಧ ಸುತ್ತಿಗೆ ನಿಂತಿತು.
ಉತ್ತರ ಇಟ್ಟುಕೊಂಡೇ ಬರುವ ಪೆಜತ್ತಾಯರು
ಶಾಲಿನ ತುದಿ ಹುಡುಕಿದರು.

ಡ್ರೈವರ್ ಲಾರೆನ್ಸ್ ಇಂಜಿನ್ ನಿಲ್ಲಿಸಿ
ಮೆಟ್ಟಿಲು ಹತ್ತಿ ಬಂದು ಬಾಗಿಲಿಗೆ ಒರಗಿದ್ದ.
ಹತ್ತೂ ಐದಾಯಿತು.
ಕರ್ಣ ಸಾಯದೆ ಬಸ್ಸು ಹೊರಡುವ ಹಾಗಿಲ್ಲ,
ಟಿಕೆಟ್ ಕೊಡುವವ ಯಾರು ಮಾರಾಯ್ರೆ?

ಆಮೇಲೆ, ಬಂಟಕಲ್ಲಿನ ತಿರುವಿನಲ್ಲಿ
ನನ್ನ ಚಿಲ್ಲರೆಯ ಬಾಕಿ ಬರೆದುಕೊಡಲು
ಅವನ ಕೈ ಕಿವಿಗೆ ಹೋಯಿತು. ಪೆನ್ನಿರಲಿಲ್ಲ.

'ಕೆಳಗಿಳಿಯುವಾಗ ಯಾರೋ ಕೇಳಿದರು,' ಎಂದ,
'ಕೊಟ್ಟೆ.'