ಕೈಲೆ ಎತ್ತಬಹುದಾದದ್ದು

ಮುಳಗುಂದ ರೋಡಿಗೆ, ಬಂದಾದ ಜಿನ್ನಿಂಗ್ ಮಿಲ್ಲಿನ ಹಿಂದ
ಫೈನಾನ್ಸಿನವರ ಯಾರ್ಡು.
ಎಲ್ಲಾ ಗಾಡಿ ಗಾಜಿನ ಮ್ಯಾಲೂ ಸುಣ್ಣದಾಗ ನಂಬರು.
ನನ್ನ ಓಮ್ನಿ ನಲವತ್ತೊಂದು.
ಮೂರು ಕಂತು ಬಾಕಿ, ಹದಿಮೂರು ದಿನದ ಧೂಳು.
ಮಾರಿ ಗ್ವಾಡಿ ಕಡೆ ಮಾಡಿ ನಿಲ್ಲಿಸ್ಯಾರ,
ಮಗ್ಗಿ ಬರಲಾರದ ಹುಡುಗನ್ನ ನಿಲ್ಲಿಸಿದಂಗ.

"ಒಳಗಿನ ಸಾಮಾನು ಬೇಕು" ಅಂದೆ.
"ಮೊದಲ ಕಂತು ಕಟ್ಟರಿ" ಅಂದ
ಕುರ್ಚಿ ಮ್ಯಾಲಿನ ಹುಡುಗ, ಮೊಬೈಲಿನಿಂದ ಕಣ್ಣು ಎತ್ತದ.

ಹೋದ ವಾರ ಇಷ್ಟು ಕೇಳಿಯೇ ತಿರುಗಿ ಹೋಗಿದ್ದೆ.
ಟಾಂಗಾಕೂಟದಾಗ ಬಾಂಡ್ ಬರೆಯೋ ದಾವಲಸಾಬರು
ಚಹಾ ಕುಡಿಸಿ ಹೇಳಿದ್ರು:
"ಚಂಪಾಬಾಯಿ, ಸಾಲ ಇರೋದು ಗಾಡಿ ಮ್ಯಾಲೆ.
ಗಾಡಿಯೊಳಗಿನ ಬುತ್ತಿ ಡಬ್ಬಿ ಮ್ಯಾಲೆ ನೀವೇನು ಸಹಿ ಮಾಡಿಲ್ಲ.
ಸ್ಕ್ರೂ ಹಾಕಿದ್ದು ಅವರದು,
ಕೈಲೆ ಎತ್ತಬಹುದಾದದ್ದು ನಿಮ್ಮದು.
ಪಟ್ಟಿ ಮಾಡಿಸ್ರಿ. ಎರಡು ಪ್ರತಿ."
ಅರ್ಜಿ ಬರದಿದ್ದಕ್ಕ ಇಪ್ಪತ್ತು ರೂಪಾಯಿ ತಗೊಂಡ್ರು,
ಚಹಾದ್ದು ತಗೊಳ್ಳಲಿಲ್ಲ.

ಆ ಕಾಗದ ಇವತ್ತು ಟೇಬಲ್ ಮ್ಯಾಲೆ ಇಟ್ಟೆ.
ಓದಿದ. ಯಾರಿಗೋ ಫೋನ್ ಹಚ್ಚಿದ.
"ಹೂಂ ಸರ್" ಅಂತ ಐದು ಸಲ ಅಂದು
ಕೀಲಿ ಗೊಂಚಲ ತಗೊಂಡು ಎದ್ದ.

ಬಾಗಿಲ ಜಗ್ಗಿದ ಕೂಡಲೇ ವಾಸನಿ.
ಕಪ್ಪಾದ ಬಾಳಿಹಣ್ಣು, ಪೆನ್ಸಿಲ್ ಹೊಟ್ಟು,
ಹನ್ನೆರಡು ಮಕ್ಕಳ ಸಾಕ್ಸು.
ಇದನ್ನ ಯಾವ ಪಟ್ಟಿಯೊಳಗ ಬರಸಲಿ?

'ಹಳೇ ಸಾಮಾನು, ಒಂದು ಚೀಲ' ಅಂತ ಬರದ.
"ಹಂಗಲ್ಲಪಾ, ಬಿಡಿಸಿ ಬರಿ" ಅಂದೆ.
ನೀರಿನ ಬಾಟ್ಲಿ, ನೀಲಿದು, ಮುಚ್ಚಳ ಇಲ್ಲದ್ದು, ಒಂದು.
ಕೊಡೆ, ಕಡ್ಡಿ ಮುರದದ್ದು, ಒಂದು.
ಎಡಗಾಲಿನ ಬೂಟು, ಒಂದು.
"ಬಲಗಾಲಿಂದು?"
ಬಲಗಾಲಿಂದು ಸುಹಾನಾನ ಕಾಲಾಗ ಐತಿ.
ಅವತ್ತು ಮುಳಗುಂದ ನಾಕಾದಾಗ ಅಡ್ಡ ಹಾಕಿ
"ಮಕ್ಕಳನ್ನ ಇಳಿಸ್ರಿ" ಅಂದ್ರಲ್ಲ ನಿಮ್ಮವರು,
ಸೀಟಿನ ಕೆಳಗ ಬೂಟು ಹುಡುಕಾಕ ಬಿಡಲಿಲ್ಲ.
ಸಾಲಿ ತನಕ ಆಕಿನ್ನ ಬಗಲಾಗ ಎತ್ತಿಕೊಂಡು ನಡದೆ.
ಉಳಿದ ಹನ್ನೊಂದು ಮಕ್ಕಳು ನನ್ನ ಸೆರಗಿನ ಹಿಂದ, ಸಾಲಾಗಿ.

ಹುಡುಗ ಏನೂ ಅನ್ನಲಿಲ್ಲ. ಬೂಟು ಅಂತ ಬರದ.

ಫೀ ಲೆಕ್ಕದ ನೋಟ್‌ಬುಕ್ಕು, ಒಂದು.
ಅದರಾಗ ನನಗ ಬರಬೇಕಾದ್ದು ಐತಿ,
ನಾಲ್ಕು ಸಾವಿರದ ಆರುನೂರು.
ನಾನೇನು ಅವರ ಮಕ್ಕಳನ್ನ ಜಪ್ತಿ ಮಾಡ್ಲಾ?

"ಟೇಪು?"
ನಾನೇ ರೊಕ್ಕ ಕೊಟ್ಟು ಹಾಕಿಸಿದ್ದು.
ಬಗ್ಗಿ ನೋಡಿದೆ. ನಾಲ್ಕು ಸ್ಕ್ರೂ.
"ಇರ್ಲಿ ಬಿಡು."

ಡ್ರೈವರ್ ಸೀಟಿನ ಗಾದಿಗೆ ಕೈ ಹಾಕಿದರ
"ಅದು ಸೀಟಿಂದು, ಗಾಡೀದು" ಅಂದ.
ಎತ್ತಿದೆ. ಕೈಗೆ ಬಂತು.
ನಾನು ನಾಕೂ ಮುಕ್ಕಾಲು ಫೂಟಿನಾಕಿ.
ಬೆಟಗೇರಿ ಸೀರಿ ಚೂರು ಕೂಡಿಸಿ,
ಒಳಗ ಹತ್ತಿ ತುಂಬಿ ಹೊಲಿದದ್ದು.
ಇದರ ಮ್ಯಾಲೆ ಕುಂತಾಗಲೇ ನನಗ
ರಸ್ತೆ ಪೂರಾ ಕಾಣತಿತ್ತು.
"ಬರಿ: ಗಾದಿ, ಒಂದು."

ಹಿಂದಿನ ಬಾಗಿಲದ ಒಳಮೈಗೆ
ಕೈವಾರದ ಮೊನೆಲೆ ಕೊರದದ್ದು:
'ವಿಹಾನ ಹುಯಿಲಗೋಳ, ೨ನೇ ಅ.'
ಕೊರದ ದಿನ ಅವನ ಕಿವಿ ಹಿಂಡಿದ್ದೆ.
ಇವತ್ತು ಬೆರಳು ಆಡಿಸಿದೆ. ಎತ್ತಾಕ ಬರೂದಲ್ಲ.
ಹುಡುಗ ಇಣುಕಿ ನೋಡಿ
ಜೇಬಿನಿಂದ ಇನ್ನೊಂದು ಕಾಗದ ತಗದು, ತನ್ನದು,
ಅದರಾಗ ಬರಕೊಂಡ:
'ಡ್ಯಾಮೇಜ್, ಒಂದು.'

ಹದಿನೇಳು ಸಾಮಾನು. ಎರಡು ಪ್ರತಿ. ಸಹಿ ಮಾಡಿದೆ.
ಅವನೂ ಮಾಡಿದ. "ಪೆನ್ನು ನಂದರಿ" ಅಂದ,
ಕೊಟ್ಟೆ.

ಬಸ್ಸಿನಾಗ ಮುಂದಿನ ಸೀಟು ಸಿಕ್ತು.
ಗಾದಿ ಹಾಕ್ಕೊಂಡು ಕುಂತೆ.
ಕಂಡಕ್ಟರು ನಕ್ಕ, ನಗಲಿ.
ಚೀಲದಾಗ ಬಾಟ್ಲಿ, ಬೂಟು ತಾಕಲಾಡಾಕತ್ತಿದ್ದವು.
ಬೂಟು ನಾಳೆ ಮುಂಜಾನೆ ಸುಹಾನಾನ ಮನಿಗೆ ಮುಟ್ಟಸಬೇಕು,
ಸಾಲಿ ಬೆಲ್ ಹೊಡಿಯೋದರಾಗ, ನಡಕೋತ.
ನಾಕಾದ ತಿರುವು ಬಂತು.
ಡ್ರೈವರನ ಹೆಗಲ ಮ್ಯಾಲಿಂದ ರಸ್ತೆ ಪೂರಾ ಕಾಣತಿತ್ತು.
ಎದುರಿಗೆ ಒಂದು ಆಕಳ ಅಡ್ಡ ಬಂತು ನೋಡ್ರಿ,
ಅವನಕಿಂತ ಮೊದಲ
ನನ್ನ ಬಲಗಾಲು ಬ್ರೇಕು ಒತ್ತಿತು.