ಸೊಪ್ಪಿನ ಜಡೆ

ಮೇ ತಿಂಗಳ ಮೊದಲ ವಾರ, ಲೋರಿಯ ಇಳಿಜಾರಿನಲ್ಲಿ
ಹಿಮ ಕರಗಿದ ಕಡೆಯೆಲ್ಲ ಕಾಡುಹುಳಿಸೊಪ್ಪು.
ಅವೆಲುಕ್ ಎನ್ನುತ್ತಾರೆ ಇಲ್ಲಿ. ಹಸಿಯಾಗಿ ತಿಂದರೆ ಒಗರು,
ನಾಲಗೆ ಮಡಚಿಕೊಳ್ಳುತ್ತದೆ.
ಒಣಗಿಸಬೇಕು. ಒಣಗಿಸಲು ಹೆಣೆಯಬೇಕು.
ಹೆಣೆಯುವುದು ನನಗೆ ಬರುತ್ತಿರಲಿಲ್ಲ.

ಯೆರೆವಾನಿನ ನಾಲ್ಕನೇ ಮಹಡಿಯಿಂದ ಬಂದವಳು ನಾನು,
ಸೊಪ್ಪನ್ನು ಅಂಗಡಿಯ ಕಂತೆಯಲ್ಲಿ ಮಾತ್ರ ಕಂಡವಳು.
ಅತ್ತೆ ವರ್ಸೆನಿಕ್ ಜಗಲಿಯಲ್ಲಿ ಕೂತು
ತೊಟ್ಟಿಗೆ ತೊಟ್ಟು ಸೇರಿಸಿ, ನಾಲ್ಕೆಳೆ,
ನೋಡದೆಯೇ ಹೆಣೆಯುತ್ತಿದ್ದಳು:
ಕಣ್ಣು ರಸ್ತೆಯ ಮೇಲೆ, ಬಾಯಿ ಪಕ್ಕದ ಮನೆಯ ಮೇಲೆ.
ಬಾಗಿಲೆತ್ತರದ ಜಡೆಗಳು, ಹನ್ನೆರಡು.
“ವರ್ಷಕ್ಕೆ ಇಷ್ಟು ಸಾಕಾ?” ಅಂದೆ.
“ಬರುವವರು ಎಷ್ಟು ಜನ, ಹೇಳು” ಅಂದಳು.

ನನ್ನ ಜಡೆ ಬಿಗಿ,
ಶಾಲೆಗೆ ಹೊರಟ ಹುಡುಗಿಯ ಜಡೆಯ ಹಾಗೆ.
ಜೂನ್ ಮುಗಿಯುವಷ್ಟರಲ್ಲಿ ಒಳಗೊಳಗೇ ಬೂಷ್ಟು.
ಅತ್ತೆ ಬಯ್ಯಲಿಲ್ಲ, ಏನೂ ಹೇಳಲಿಲ್ಲ,
ತಿಪ್ಪೆಗೆ ಎಸೆದು ಕೈ ತೊಳೆದುಕೊಂಡಳು.

ಜುಲೈನಲ್ಲಿ ಅರಾರಾತ್ ಬಯಲಿನಿಂದ ಲಾರಿ,
ಧ್ವನಿವರ್ಧಕದಲ್ಲಿ ಒಂದೇ ಪದ: ತ್ಸಿರಾನ್, ತ್ಸಿರಾನ್.
ಬಕೆಟ್ಟುಗಟ್ಟಲೆ ಏಪ್ರಿಕಾಟ್. ಚೌಕಾಸಿ ಮಾಡಿ ಮೂರು ಕೊಂಡು,
ಬೀಜ ಒಡೆದು, ತಿರುಳು ಬಿಡಿಸಿ, ಮತ್ತೆ ಪಾಕಕ್ಕೇ ಹಾಕಿ...
ಸಕ್ಕರೆ ಎಷ್ಟು? ಹಿಡಿಯುವಷ್ಟು.
ಎಷ್ಟು ಹೊತ್ತು? ಹದ ಬರುವವರೆಗೆ.
ಹದ ಯಾವುದು? ತಟ್ಟೆಯಂಚಿಗೆ ಬಿಟ್ಟ ಹನಿ
ಓಡಬಾರದು, ಕೂರಲೂಬಾರದು, ಯೋಚಿಸಬೇಕು.
ನೋಟುಬುಕ್ಕಿನಲ್ಲಿ ಬರೆದುಕೊಂಡೆ: ಹನಿ ಯೋಚಿಸಬೇಕು.

ಅಕ್ಟೋಬರಿಗೆ ಲವಾಶ್. ನೆಲದೊಳಗಿನ ತೋನಿರ್ ಒಲೆಯ ಸುತ್ತ
ನಾಲ್ಕು ಮನೆಯ ಹೆಂಗಸರು. ಉಂಡೆ ಕಟ್ಟಲು ಒಬ್ಬಳು,
ಲಟ್ಟಿಸಲು ಒಬ್ಬಳು, ದಿಂಬಿಗೆ ಹರಡಿ
ಒಲೆಗೋಡೆಗೆ ಬಡಿಯಲು ಗಟ್ಟಿಗಿತ್ತಿ ಅರುಸ್ಯಾಕ್.
ಪ್ರತಿ ವರ್ಷ ಹುಬ್ಬು ಸುಟ್ಟುಕೊಳ್ಳುವವಳು,
ಪ್ರತಿ ವರ್ಷ ಎಡಗಡೆಯದೇ.
ನನಗೆ ಕೊಟ್ಟ ಕೆಲಸ ಎಣಿಸುವುದು.
ಇನ್ನೂರ ಹದಿನಾಲ್ಕು. ಒಣಗಿಸಿ, ಒಗೆದ ಬಟ್ಟೆಯಂತೆ
ಒಂದರ ಮೇಲೊಂದು ಪೇರಿಸಿಟ್ಟೆವು.
ಬೇಕೆಂದಾಗ ನೀರು ಚಿಮುಕಿಸಿದರೆ ಸಾಕು,
ಮೆತ್ತಗಾಗುತ್ತದೆ, ಮುನಿದವರ ಹಾಗೆ.

ಹೊಸವರ್ಷದ ಗಾತಾ ಬೇಯಿಸುವಾಗ ಒಳಗೊಂದು ನಾಣ್ಯ.
ಯಾರ ತುಂಡಿನಲ್ಲಿ ಹಲ್ಲಿಗೆ ಸಿಕ್ಕಿತೋ ವರ್ಷ ಅವರದು.
ಆ ಸಲ ಯಾರಿಗೂ ಸಿಗಲಿಲ್ಲ.
ಚೂರುಗಳನ್ನೆಲ್ಲ ಪುಡಿಮಾಡಿ ಹುಡುಕಿದೆವು.
ಅತ್ತೆ ಹಾಕಲು ಮರೆತಿದ್ದಳು. ಎಲ್ಲರೂ ನಕ್ಕೆವು.
ಅವಳ ಚಹದ ಲೋಟ
ಎಡಗೈಯಲ್ಲಿತ್ತು.

ಫೆಬ್ರುವರಿಯಲ್ಲಿ, ವನಾಜೋರಿನ ಆಸ್ಪತ್ರೆಯಿಂದ
ಅವಳು ಮನೆಗೆ ಬಂದ ದಿನ,
ಮೊಳೆಯಿಂದ ಒಂದು ಜಡೆ ಇಳಿಸಿ ಕುದಿಸಿದೆ.
ಕಂದುನೀರು ಚೆಲ್ಲಿ, ಬೆಳ್ಳುಳ್ಳಿ, ಆಕ್ರೋಟು,
ಮೇಲೆ ದಾಳಿಂಬೆಯ ಕಾಳು.
ಒಗರೆಲ್ಲ ಹೋಗಿತ್ತು. ಬಟ್ಟಲಲ್ಲಿ
ಹಳೆಯ ಬೆಟ್ಟವೊಂದರ ವಾಸನೆ ಉಳಿದಿತ್ತು.
ಚಮಚ ಹಿಡಿದು ತಿನ್ನಿಸಿದೆ.
“ಉಪ್ಪು” ಅಂದಳು.
ಇಪ್ಪತ್ತು ದಿನದ ಮೇಲೆ ಮೊದಲ ಮಾತು.
ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳಲಿಲ್ಲ.

ಮತ್ತೆ ಮೇ. ನಾನೇ ಹೋಗಿ ಎರಡು ಚೀಲ ತಂದೆ.
ಜಗಲಿಯಲ್ಲಿ ಅವಳ ಕುರ್ಚಿ, ಮೆಟ್ಟಿಲ ಮೇಲೆ ನಾನು.
ತುದಿ ಹಿಡಿಯಲು ಅವಳ ಎಡಗೈಗೆ ಕೊಟ್ಟೆ.
ನಾನು ಬಿಗಿದಾಗಲೆಲ್ಲ ಆ ಕೈ
ಒಂದಿಷ್ಟು ಸಡಿಲ ಬಿಡುತ್ತಿತ್ತು,
ಗಾಳಿಗೂ ಒಂದು ಎಳೆ ಇರಲಿ ಎಂಬಂತೆ.
ಸಂಜೆಗೆ ಏಳು ಜಡೆ. ಎಲ್ಲವೂ ಸೊಟ್ಟ.

ಆಗ ರಸ್ತೆಯಲ್ಲಿ ಅರುಸ್ಯಾಕ್ ಹಾದುಹೋದಳು,
ಹುಬ್ಬು ಎರಡೂ ಇದ್ದವು, ಹೊಸ ಶಾಲು ಬೇರೆ.
ಅತ್ತೆ ನನ್ನನ್ನು ನೋಡಿದಳು, ನಾನು ಶಾಲನ್ನು ನೋಡಿದೆ,
“ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತಂತೆ?” ಅಂದೆ.
ಕೈ ಮಾತ್ರ
ನಿಂತಿರಲಿಲ್ಲ.